ಐಸುರ ಎಂದು ಬರೆಯಬೇಕಿತ್ತು

ಅಂಗಳದಲ್ಲಿ ಗೋಣಿತಟ್ಟು ಹಾಸಿಕೊಂಡು, ವರ್ಷದ ಖಾರಕ್ಕೆಂದು ತಂದ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದೆ. ಆಗ ಬೆಳಗಾವಿಯ ದವಾಖಾನೆಯಿಂದ ನಮ್ಮ ಯಜಮಾನರ ಫೋನು ಬಂತು. ಕೈ ತೊಳೆಯುವಷ್ಟು ಪುರಸೊತ್ತು ಸಿಗಲಿಲ್ಲ, ಹಾಗೇ ಎತ್ತಿ ಕಿವಿಗೆ ಹಚ್ಚಿಕೊಂಡೆ. ಕಿವಿ ಉರಿಯುತ್ತಿದೆ ಎಂದು ಗೊತ್ತಾದದ್ದು ಮಾತು ಮುಗಿದ ಮೇಲೆ.

“ಕಾಕಾನ ಗಂಟಲದಾಗ ಗಂಟ ಐತಂತ. ಧ್ವನಿಪೆಟ್ಟಿಗೀನ ತಗೀಬೇಕಂತಾರ. ಹನ್ನೊಂದು ದಿವಸಕ್ಕ ಆಪರೇಶನ್.”

“ಜೀವಕ್ಕೇನರ...?”

“ಜೀವಕ್ಕ ಧೋಕಾ ಇಲ್ಲ ಅಂದ್ರು. ಮಾತು ಹೋಗತೈತಿ.”

ಜೀವ ಉಳಿಯುತ್ತದೆ ಎಂದರಲ್ಲ, ಆ ದಿನದ ಮೊದಲನೆಯ ಉಪಕಾರ ಅದು. ಶಿವನೇ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಆದರೆ ಮರುಕ್ಷಣವೇ ಬಾಯಿಂದ ಬಂದ ಮಾತು ಬೇರೆ: “ಮತ್ತ ಮೊಹರಮ್ಮಿಗೆ ಹೆಂಗ್ರಿ?” “ನಾನೂ ಅದನ್ನ ವಿಚಾರ ಮಾಡಾಕತ್ತೇನಿ,” ಎಂದರು ಯಜಮಾನರು.

ಕಾಕಾ ಎಂದರೆ ನಮ್ಮ ಮಾವನವರ ತಮ್ಮ, ಒಂದು ಗೋಡೆಯ ಆಚೆಗಿನ ಮನೆಯವರು. ಸಂಪಗಾಂವದ ಆಚೆ ಇರುವ ನಮ್ಮ ಊರಿನಲ್ಲಿ ಮುಸಲ್ಮಾನರ ಮನೆಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಆದರೂ ಮೊಹರಮ್ಮಿನಲ್ಲಿ ಹಸ್ತದ ಆಕಾರದ ಪಂಜಾ ದೇವರು ಕೂರುತ್ತವೆ, ಅವುಗಳ ಮುಂದೆ ರಿವಾಯತ್ ಪದ ಹಾಡುವವರೆಲ್ಲ ನಮ್ಮಂಥ ಲಿಂಗ ಕಟ್ಟಿದ ಒಕ್ಕಲಿಗರೇ. ಕರಬಲದಲ್ಲಿ ನೀರಿಲ್ಲದೆ ಸತ್ತವರ ಕಥೆ, ಹಾಡುವುದು ಕನ್ನಡದಲ್ಲಿ. ಮುಂದಾಳು ಒಂದು ನುಡಿ ಎತ್ತಿದರೆ ಹಿಮ್ಮೇಳದವರು ಪಲ್ಲವಿ ಹೇಳುತ್ತ ಹೆಜ್ಜೆ ಹಾಕುತ್ತಾರೆ. ನಾನು ಸೊಸೆಯಾಗಿ ಈ ಊರಿಗೆ ಬಂದಾಗಿನಿಂದ ಮುಂದಾಳು ಕಾಕಾನೇ. ಧಾಟಿ ಎಲ್ಲರಿಗೂ ಗೊತ್ತು, ಪಲ್ಲವಿಯೂ ಗೊತ್ತು, ಆದರೆ ನುಡಿಗಳು ಇದ್ದದ್ದು ಅವರೊಬ್ಬರ ಹೊಟ್ಟೆಯಲ್ಲಿ. ಫೋನಿನಲ್ಲಿ ಹಿಡಿದ ವಿಡಿಯೋಗಳು ಊರ ತುಂಬ ಇವೆ. ಅವುಗಳಲ್ಲಿ ಹಲಗೆಯ ಸದ್ದು ಕೇಳುತ್ತದೆ, ಕಾಕಾನ ಬಾಯಿ ಆಡುವುದು ಕಾಣುತ್ತದೆ, ಮಾತು ಮಾತ್ರ ಇಲ್ಲ.

ಸಂಜೆ ಇಬ್ಬರೂ ಊರಿಗೆ ಬಂದರು. ಕಾಕಾ ಗೋಡೆಗೆ ಆತು ಕುಳಿತು, ಸವೆದ ಧ್ವನಿಯಲ್ಲಿ, “ತಂಗಿ, ನಿನ್ನ ಅಕ್ಷರ ದುಂಡಗ ಅದಾವ. ಬರ್ಕೋತೀಯೇನ?” ಎಂದರು. ನಾನು ಬೈಲಹೊಂಗಲದ ಕಾಲೇಜಿನಲ್ಲಿ ಪಿಯುಸಿ ಮುಗಿಸಿದವಳು. ಮದುವೆಯಾದ ಮೇಲೆ ಬರೆದದ್ದೆಂದರೆ ಕಿರಾಣಿ ಚೀಟಿ, ಶ್ರಾವಣದಲ್ಲಿ ವಚನಗಳು, ಅಷ್ಟೆ. ಆದರೂ ಹೂಂ ಎಂದೆ.

ಮೊದಲ ತೊಡಕು ಮರುದಿನವೇ ಬಂತು. ಕಾಕಾ ಹಾಡಲು ಒಲ್ಲೆ ಎಂದರು. ರಿವಾಯತ್ ಪದವನ್ನು ದೇವರು ಕೂರುವ ಹತ್ತು ದಿನ ಬಿಟ್ಟು ಹಾಡಬಾರದು, ಅದು ದುಃಖದ ಪದ, ಅಕಾಲದಲ್ಲಿ ಎತ್ತಿದರೆ ಮನೆಗೆ ದುಃಖ ಬರುತ್ತದೆ ಎಂಬುದು ಅವರ ನಂಬಿಕೆ. “ಆಸ್ಪತ್ರಿಗೆ ಹೊಂಟಾಂವ ದೇವ್ರ ಸಿಟ್ಟ ಬ್ಯಾರೆ ಕಟಗೊಂಡ ಹೋಗ್ಲೇನ?” ಎಂದರು. ಆ ಮಾತಿಗೆ ನಾನು ಎದುರಾಡಲಿಲ್ಲ. ನಾನೂ ಸೋಮವಾರ ಕತ್ತರಿ ಹಿಡಿಯದವಳು. ಪಂಜಾ ದೇವರನ್ನು ನೋಡಿಕೊಳ್ಳುವ ಮುಜಾವರರ ಮನೆಗೆ ಹೋಗಿ ಕೇಳಿದೆ. ಅವರು ಬಂದು, ಕಾಕಾನ ಮುಂದೆ ಕೆಂಡದ ಮೇಲೆ ಒಂದು ಚಿಟಿಕೆ ಲೋಬಾನದ ಧೂಪ ಹಾಕಿ, “ಗೌಡ್ರ, ದೇವ್ರ ಮುಂದ ಎತ್ತಿದ್ರ ಅದು ಹಾಡು. ಕಲಸಾಕ ಎತ್ತಿದ್ರ ಅದು ಪಾಠ. ಪಾಠಕ್ಕ ತಿಥಿ-ವಾರ ಇಲ್ಲ,” ಎಂದರು. ಕಾಕಾನ ಮುಖ ತಿಳಿಯಾಯಿತು. ಅಷ್ಟರಲ್ಲಿ ಎರಡು ದಿನ ಹೋಗಿತ್ತು.

ಎಷ್ಟು ಪದ ಇವೆ ಎಂದರೆ ಅವರಿಗೆ ಲೆಕ್ಕ ಗೊತ್ತಿಲ್ಲ. ಮೆರವಣಿಗೆ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಊರು ಸುತ್ತುವಂತೆ ಹೇಳತೊಡಗಿದರು: ಮಸೂತಿ ಮುಂದೆ ಎರಡು, ಹಳೇ ಬಾವಿಯ ಹತ್ತಿರ ಮೂರು, ಊರ ಬಾಗಿಲ ಅಗಸಿಯಲ್ಲಿ ನಾಲ್ಕು. ನಾನು ಗೆರೆ ಎಳೆಯುತ್ತ ಹೋದೆ. ಇಪ್ಪತ್ತೇಳಾಯಿತು.

ಕೆಲಸದ ಕ್ರಮ ಹೀಗಿತ್ತು. ಬೆಳಿಗ್ಗೆ ರೊಟ್ಟಿ ಬಡಿದು ಮುಗಿದ ಮೇಲೆ ಕಾಕಾಗೆ ಬಿಸಿನೀರಿನಲ್ಲಿ ಜೀರಿಗೆ ಹಾಕಿ ಕೊಡುವುದು. ಫೋನು ಅವರ ಎದೆಯ ಜೇಬಿನಲ್ಲಿ ಇಟ್ಟು ಒಂದಾದ ಮೇಲೊಂದು ಪದ ಹಾಡಿಸುವುದು. ಮಧ್ಯಾಹ್ನ ಅವರು ಮಲಗಿದಾಗ ನಾನು ಅದನ್ನು ಒಂದೊಂದು ಸಾಲಿಗೆ ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳುವುದು. ಕುಳಿತು ಹಾಡು ಎಂದರೆ ಅವರಿಗೆ ಮೂರನೆಯ ನುಡಿಗೇ ಮರೆಯುತ್ತಿತ್ತು. “ಕಾಲ ಆಡಬೇಕ, ಅಂದ್ರ ಬಾಯಿ ಆಡತೈತಿ,” ಎಂದರು. ಹಾಗಾಗಿ ಅಂಗಳದಲ್ಲಿ ಜೋಳ ಒಣಹಾಕಿದ ತಾಡಪತ್ರಿಯ ಸುತ್ತ ಹೆಜ್ಜೆ ಹಾಕುತ್ತ ಹಾಡಿದರು. ನಡುವೆ ಕೆಮ್ಮು ಬಂದು ನಿಂತರೆ ನಿಂತಲ್ಲಿಂದ ಮುಂದುವರಿಸಲು ಬರುತ್ತಿರಲಿಲ್ಲ, ಮತ್ತೆ ಮೊದಲ ಸಾಲಿನಿಂದಲೇ ಎತ್ತಬೇಕು. ದಾರ ಹರಿದ ಮಣಿಸರವನ್ನು ಪ್ರತಿ ಸಲ ಮೊದಲಿನಿಂದ ಪೋಣಿಸಿದ ಹಾಗೆ. ಒಂದೊಂದು ಪದಕ್ಕೆ ನಾಲ್ಕು ಪದದಷ್ಟು ಗಂಟಲು ಖರ್ಚಾಗುತ್ತಿತ್ತು.

ಆದರೂ ಆರನೆಯ ದಿನಕ್ಕೆ ಹದಿನಾರು ಪದ ನನ್ನ ನೋಟುಬುಕ್ಕಿನಲ್ಲಿದ್ದವು. ಲಿಂಗಪೂಜೆಗೆ ಕುಳಿತಾಗ, ನನ್ನ ಕೈಯಿಂದ ಇಂಥದೊಂದು ಕೆಲಸ ಮಾಡಿಸುತ್ತಿದ್ದೀಯಲ್ಲ ತಂದೆ ಎಂದು ಹಿಗ್ಗಿದೆ. ಆ ಹಿಗ್ಗು ಸ್ವಲ್ಪ ಹೆಚ್ಚೇ ಆಗಿತ್ತು ಎಂದು ಈಗ ಅನ್ನಿಸುತ್ತದೆ.

ನಮ್ಮ ಮುಂದಿನ ಕೋಣೆಯಲ್ಲಿ ಆಗ ಸೆನೆಗಲ್ ದೇಶದ ಹುಡುಗಿಯೊಬ್ಬಳು ಇದ್ದಳು. ಧಾರವಾಡದಲ್ಲಿ ಒಕ್ಕಲುತನ ಓದುತ್ತಿದ್ದವಳು, ನಮ್ಮ ಹೊಲದ ತುಂಡೊಂದರಲ್ಲಿ ಬೇಸಿಗೆ ಶೇಂಗಾದ ಪರೀಕ್ಷೆ ಇಟ್ಟಿದ್ದಳು. ಆಫ್ರಿಕಾದ ಪಡುವಣ ದಂಡೆಯ ದೇಶ ಅದು. ಅಲ್ಲಿಯೂ ಶೇಂಗಾ, ಅಲ್ಲಿಯೂ ಸಜ್ಜೆ. ಐದು ಹೊತ್ತು ನಮಾಜು ಮಾಡುವವಳು. ಎರಡು ವರ್ಷದಲ್ಲಿ ಕಲಿತ ಕನ್ನಡ ಪೂರಾ ನಮ್ಮ ಕಡೆಯದು, ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಆ ಮಧ್ಯಾಹ್ನ ಹೊಲದಿಂದ ಬಂದು ಕಟ್ಟೆಯ ಮೇಲೆ ಕುಳಿತು ಮಾದರಿಗೆ ಕಿತ್ತು ತಂದ ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದಳು. ನಾನು ಹದಿನಾರನೆಯ ಪದವನ್ನು ಫೋನಿನಲ್ಲಿ ಹಚ್ಚಿ ತಾಳೆ ನೋಡುತ್ತಿದ್ದೆ. ಪಲ್ಲವಿಯ ಕೊನೆಯಲ್ಲಿ ಕಾಕಾ ಒಂದು ಶಬ್ದವನ್ನು ಬಹಳ ಹೊತ್ತು ಎಳೆಯುತ್ತಾರೆ. ಅದು ಬಂದಾಗ ಹುಡುಗಿಯ ಕೈ ನಿಂತಿತು.

“ಅಕ್ಕಾರ, ಇನ್ನೊಮ್ಮೆ ಹಚ್ರಿ.”

ಹಚ್ಚಿದೆ.

“ಈ ಶಬ್ದ ನನಗ ಗೊತ್ತೈತಿ. ನೀವು ಏನ ಬರದೀರಿ?”

“ಈಶ್ವರ,” ಎಂದೆ. ಕಾಕಾ ಐಸುರ ಎನ್ನುತ್ತಿದ್ದರು. ಹಳ್ಳಿ ಬಾಯಿ, ಅದರ ಮೇಲೆ ಗಂಟಲು ಕೆಟ್ಟಿದೆ, ಈಶ್ವರ ಎಂಬುದೇ ಹಾಗೆ ಕೇಳುತ್ತದೆ ಎಂದುಕೊಂಡು ನಾನು ಎಲ್ಲ ಕಡೆ ತಿದ್ದಿ ಶುದ್ಧವಾಗಿ ಬರೆದಿದ್ದೆ.

“ಈಶ್ವರ ಅಲ್ರಿ ಅದು. ಆಶೂರಾ.”

“ನಿನಗ ಕನ್ನಡಾನ ನೆಟ್ಟಗ ಬರೂದಿಲ್ಲ, ನನಗ ತಿದ್ದತಿ!” ಎಂದು ನಕ್ಕೆ.

ಅವಳು ನಗಲಿಲ್ಲ. “ಅದು ಕನ್ನಡ ಅಲ್ರೀ ಅಕ್ಕಾರ. ಅರಬಿ. ಮೊಹರಮ್ಮಿನ ಹತ್ತನೇ ದಿವಸ. ಪೈಗಂಬರ್ ಮೊಮ್ಮಗನ್ನ ಕೊಂದ ದಿವಸ.”

ಕಾಕಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಬಾಗಿಲಿಗೆ ಬಂದು ನಿಂತು, “ಹೌದಲ್ಲ, ಐಸುರ ಅಂದ್ರ ದೇವ್ರು ಹೊಳಿಗಿ ಹೋಗೂ ದಿವಸ. ನೀ ಏನ ಬರದಿ?” ಎಂದರು. ನಾನು ಹೇಳಿದೆ. ಅವರು ಕೆಮ್ಮು ಬರುವವರೆಗೆ ನಕ್ಕರು. “ಸಾಲಿ ಕಲತವ್ರಿಗೆ ಕಿವಿ ಕಡಿಮಿ ನೋಡವಾ! ಮೂವತ್ತು ವರ್ಷ ನಮ್ಮ ಮನ್ಯಾಗ ಅನ್ನ ಉಂಡಿ, ಐಸುರ ಗೊತ್ತಾಗ್ಲಿಲ್ಲ. ಈಕಿ ಎಲ್ಲಿ ಸಮುದ್ರದ ಆಚಿಯಾಕಿ, ಆಕಿಗೆ ಗೊತ್ತಾತು.”

ನನಗೆ ಮುಖ ಎತ್ತಲಾಗಲಿಲ್ಲ. ಇದೊಂದೇ ಆಗಿದ್ದರೆ ಬೇರೆ ಮಾತು. ಹಿಂದಿನ ಹಾಳೆಗಳನ್ನು ತಿರುವಿದೆ. ‘ಪುರಾತ ಹೊಳಿ ತುಂಬಿ ಹರಿದಿತ್ತ’ ಎಂದು ಕಾಕಾ ಹಾಡಿದ್ದನ್ನು ನಾನು ‘ಪುರಾತನ ಹೊಳೆ’ ಮಾಡಿದ್ದೆ. ಸಂಜೆ ಮುಜಾವರರಿಗೆ ತೋರಿಸಿದಾಗ ಅವರು, “ಪುರಾತ ಅಂದ್ರ ಹೊಳಿ ಹೆಸರವ್ವಾ, ಕರಬಲದ ಹೊಳಿ. ನಮ್ಮ ಮಲಪ್ರಭಾ ಇದ್ದಂಗ,” ಎಂದರು. ಕರಬಲದಲ್ಲಿ ಸತ್ತ ಮದುಮಗ ಕಾಸೀಮನನ್ನು ‘ಕಾಶಿಯವನು’ ಮಾಡಿದ್ದೆ. ಇಂಥವು ಪ್ರತಿ ಪದದಲ್ಲೂ ಇದ್ದವು. ತಿಳಿಯದ ಶಬ್ದ ಬಂದಲ್ಲೆಲ್ಲ ನಾನು ಕೇಳಿರಲಿಲ್ಲ, ನನಗೆ ಗೊತ್ತಿದ್ದ ಹತ್ತಿರದ ಶಬ್ದವನ್ನು ಕೂರಿಸಿದ್ದೆ.

ಆ ಸಂಜೆ ಹುಡುಗಿ ನನ್ನ ಮೋರೆ ನೋಡಿ ಸಮಾಧಾನಕ್ಕೆಂದು ತನ್ನ ಮನೆಯ ಮಾತು ತೆಗೆದಳು. ಅವಳದು ತಲೆತಲಾಂತರದಿಂದ ಹಾಡುವ ಮನೆತನವಂತೆ. ಅರಸರ ಹಿರೀಕರನ್ನು ಹೊಗಳಿ ಹಾಡುವುದು ಅವರ ಕಸಬು. ಇಸ್ಲಾಂ ಬಂದ ಮೇಲೆ ಆ ಹಾಡು ಹೋಗಲಿಲ್ಲ, ಒಳಗಿನಿಂದ ಬದಲಾಯಿತು. ಮೊದಲು ಅಲ್ಲಾನ ಹೆಸರು, ಆಮೇಲೆ ಪೈಗಂಬರರದು, ಆಮೇಲೆ ಊರ ಸೂಫಿ ಗುರುವಿನದು, ಅದಾದ ಮೇಲೆ ಅರಸರ ಸರದಿ. ಮಕ್ಕಳು ಮರದ ಹಲಗೆಯ ಮೇಲೆ ಕುರಾನು ಬರೆದು ರಾಗವಾಗಿ ಓದಿ ಕಲಿಯುತ್ತಾರೆ. ಆ ಓದಿನ ಉಸಿರೇ ಅವರ ದೇಶದ ಹಾಡಿನಲ್ಲಿ ಇಳಿದಿದೆ, ಸಾಲಿನ ತುದಿಯನ್ನು ಎಳೆಯುವುದು ಅಲ್ಲಿಂದಲೇ ಬಂದದ್ದು ಎಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ. ಮಸೂತಿಯ ಒಳಗೆ ಡೋಲು ಒಯ್ಯಬಾರದು ಎನ್ನುವವರು ಇದ್ದಾರೆ, ಆದರೆ ಹೊರಗೆ, ಹಬ್ಬದಲ್ಲಿ, ಡೋಲಿಲ್ಲದೆ ಕೆಲಸವಾಗುವುದಿಲ್ಲ.

“ನಮ್ಮ ವಾರದ ಹೆಸರೂ ಅರಬೀವ ಅಕ್ಕಾರ. ಮಂಗಳವಾರಕ್ಕ ತಲಾತಾ ಅಂತೀವಿ. ನಮ್ಮ ಅಜ್ಜಿಗೆ ಹೇಳಿದ್ರ ನಂಬೂದಿಲ್ಲ, ಇದು ನಮ್ಮ ಮಾತ ಅಂತಾಳ.”

“ನಿಮ್ಮ ಕಡೆ ಐಸುರ ಮಾಡ್ತಾರೇನವಾ?” ಎಂದರು ಕಾಕಾ.

“ಮಾಡ್ತೇವ್ರಿ. ಆದ್ರ ಅಳೂದಿಲ್ಲ. ಅವತ್ತ ಸಜ್ಜಿ ಅಡಗಿ, ಕೋಳಿ. ಹುಡುಗ್ರು ಡೋಲ ಬಡಕೋಂತ ಮನಿ ಮನಿಗೆ ಹೋಗಿ ಹಾಡಿ ಕಾಳು ಬೇಡ್ತಾರ. ಇಲ್ಲೆ ಅಳತೀರಿ ಅಂತ ಕೇಳಿ ನನಗ ಆಶ್ಚರ್ಯ ಆತು.”

ಕಾಕಾ ಅವಳ ಅಜ್ಜಿಯ ಹಾಡು ಒಂದಿಷ್ಟು ಹೇಳು ಎಂದರು. ಅವಳು ನಾಚಿಕೊಂಡು, ಒಂದು ಅಂಗೈಯನ್ನು ಕಿವಿಗೆ ಹಿಡಿದು ನಾಲ್ಕು ಸಾಲು ಹಾಡಿದಳು. ಕಾಕಾನೂ ಹಾಡುವಾಗ ಹಾಗೆಯೇ ಕಿವಿ ಮುಚ್ಚಿಕೊಳ್ಳುತ್ತಾರೆ. ಮುದುಕರು ಕಣ್ಣು ಮುಚ್ಚಿ ಕೇಳಿದರು. “ಧಾಟಿ ಬ್ಯಾರೆ,” ಎಂದರು. “ಉಸರು ನಮ್ದ.”

ಉಳಿದದ್ದು ನಾಲ್ಕು ದಿನ. ಹನ್ನೊಂದು ಪದ ಇನ್ನೂ ಹಿಡಿದಿರಲಿಲ್ಲ. ಕಾಕಾನ ಧ್ವನಿ ಬೆಳಿಗ್ಗೆ ಒಂದು ತಾಸು ಮಾತ್ರ ಇರುತ್ತಿತ್ತು. ಹಿಡಿದ ಹದಿನಾರನ್ನು ತಿದ್ದಲು ಕೂತರೆ ಹೊಸವು ಹೋಗುತ್ತವೆ. ಹೊಸವನ್ನು ಹಿಡಿಯಲು ಕೂತರೆ ಹಳೆಯವು ತಪ್ಪಾಗಿಯೇ ಉಳಿಯುತ್ತವೆ.

“ಹೊಸಾವ ಬರ್ಕೋ ತಂಗಿ,” ಎಂದರು ಕಾಕಾ. “ಹಳೇವು ಹೆಂಗರ ಇರ್ಲಿ. ಈಶ್ವರ ಅಂದ್ರೂ ಅವನ, ಐಸುರ ಅಂದ್ರೂ ಅವನ. ದೇವ್ರ ಏನ ಬೈಯೂದಿಲ್ಲ.”

ಯಜಮಾನರೂ ಹೌದೆಂದರು. ಕೇಳಲು ಆ ಮಾತು ಚೆಂದವಾಗಿತ್ತು. ಬೇರೆ ದಿನವಾಗಿದ್ದರೆ ನಾನೂ ತಲೆದೂಗಿ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಆ ರಾತ್ರಿ ಹಾಸಿಗೆಯಲ್ಲಿ ಅದು ನನಗೆ ಚುಚ್ಚಿತು. ಐಸುರ ಒಂದು ದಿನದ ಹೆಸರು. ಪೈಗಂಬರರ ಮೊಮ್ಮಗನ ಕೂಸು, ತುಂಬಿ ಹರಿಯುವ ಹೊಳೆಯ ದಂಡೆಯಲ್ಲಿ ತುಟಿ ಒಣಗಿ ಸತ್ತ ದಿನದ ಹೆಸರು. ಅದರ ಮೇಲೆ ನನ್ನ ದೇವರ ಹೆಸರು ಬರೆದರೆ ನನ್ನ ದೇವರಿಗೆ ಅದೇನು ಸೇವೆ? ಸತ್ತವರ ಮನೆಗೆ ಹೋಗಿ ನಮ್ಮ ಮನೆಯ ಶುಭಕಾರ್ಯದ ಹಾಡು ಹೇಳಿದ ಹಾಗೆ. ನಾನು ಭಕ್ತಿಯೆಂದುಕೊಂಡದ್ದು ಕೇಳುವ ಸೋಮಾರಿತನವಾಗಿತ್ತು.

ಬೆಳಿಗ್ಗೆ ಕಾಕಾನ ಮುಂದೆ ಹೋಗಿ ಕುಳಿತೆ. “ಮೊದಲ ಹಳೇವ ತಿದ್ದೂನ್ರಿ.”

“ಹೊಸಾವು ಹೋಗತಾವಲ್ಲ.”

“ಹೋದದ್ದಕ್ಕ ನಾಳೆ ಹುಡುಗ್ರು ಅಳತಾರ ಅಷ್ಟ. ಸುಳ್ಳ ಬರದಿಟ್ರ ಸುಳ್ಳನ್ನ ಹಾಡತಾರ. ನಿಮಗ ಆಗ ಬ್ಯಾಡ ಅನ್ನಾಕ ಬಾಯಿ ಇರೂದಿಲ್ಲ.”

ಕೊನೆಯ ಮಾತು ಒರಟಾಗಿ ಬಂತು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಾಕಾ ನೋಟುಬುಕ್ಕನ್ನು ನನ್ನ ಮುಂದೆ ಸರಿಸಿದರು. “ಖರೇ ಅಂದಿ,” ಎಂದರು. “ಓದು.”

ಈ ಸಲ ಅವರು ಹಾಡಲಿಲ್ಲ. ನಾನು ಮೊದಲ ಸಾಲಿನಿಂದ ಓದುವುದು, ಅವರು ತುಟಿಯಲ್ಲೇ ಜೊತೆಗೆ ಬರುವುದು, ತಪ್ಪು ಬಂದಲ್ಲಿ ನೆಲ ತಟ್ಟುವುದು. ತಟ್ಟಿದಲ್ಲಿ ಮಾತ್ರ ಒಂದು ಶಬ್ದ ಹೇಳುತ್ತಿದ್ದರು. ಆ ಶಬ್ದ ನನಗೆ ತಿಳಿಯದಿದ್ದರೆ ಕೇಳಿದಂತೆಯೇ ಬರೆದು, ಪಕ್ಕದಲ್ಲಿ ಚುಕ್ಕೆ ಇಟ್ಟು, ಸಂಜೆ ಮುಜಾವರರನ್ನು ಕೇಳುತ್ತಿದ್ದೆ. ಅವರಿಗೂ ತಿಳಿಯದ ಶಬ್ದಗಳು ಐದಾರು ಉಳಿದವು. ಅವನ್ನು ಹಾಗೆಯೇ ಬಿಟ್ಟೆ, ತಿದ್ದಲು ಹೋಗಲಿಲ್ಲ. ಹೀಗೆ ಗಂಟಲಿಗೆ ಹೆಚ್ಚು ಭಾರವಾಗದೆ ಎರಡೇ ದಿನದಲ್ಲಿ ಹದಿನಾರೂ ನೆಟ್ಟಗಾದವು. ಎರಡು ದಿನದ ವಿಶ್ರಾಂತಿಯಿಂದ ಕಾಕಾನ ಧ್ವನಿ ಒಂದಿಷ್ಟು ತಿರುಗಿ ಬಂತು ನೋಡಿ, ಅದನ್ನು ನಾನು ಯಾರೂ ಬೇಡದೆ ಸಿಕ್ಕ ವರ ಎಂದೇ ಎಣಿಸಿದ್ದೇನೆ. ಕೊನೆಯ ಎರಡು ಬೆಳಗಿನಲ್ಲಿ ಐದು ಹೊಸ ಪದ ಹಾಡಿದರು. ಕಟ್ಟಕಡೆಯದು ತಾಯಿಯೊಬ್ಬಳು ಕೂಸಿಲ್ಲದ ತೊಟ್ಟಿಲನ್ನು ನೋಡುವ ಪದ. ಅದು ಮುಗಿದಾಗ ಅವರ ಪಂಚೆಯ ತುದಿಯಲ್ಲಿ ರಕ್ತದ ಕಲೆ ಇತ್ತು. ನಾನು ಸಾಕು ಎಂದೆ.

ಒಟ್ಟು ಇಪ್ಪತ್ತೊಂದು. ಆರು ಹೋದವು. ಅಗಸಿಯ ನಾಲ್ಕರಲ್ಲಿ ಮೂರು ಇಲ್ಲ. ಹಿಮ್ಮೇಳದವರು ಅವುಗಳ ಪಲ್ಲವಿ ಮಾತ್ರ ಹೇಳಿ ಬರೆಸಿದ್ದಾರೆ. ಕೆಳಗೆ ಹಾಳೆ ಖಾಲಿ ಬಿಟ್ಟಿದ್ದೇನೆ.

ಆಪರೇಶನ್ ಚೆನ್ನಾಗಿ ಆಯಿತು. ವೈದ್ಯರಿಗೆ, ಹಗಲೂ ರಾತ್ರಿ ಕತ್ತಿನ ಕೊಳವೆ ಸ್ವಚ್ಛ ಮಾಡಿದ ನರ್ಸಮ್ಮನಿಗೆ ನನ್ನ ನಮಸ್ಕಾರ ಸದಾ ಇದೆ. ಹುಡುಗಿ ಶೇಂಗಾ ಕಿತ್ತು ತೂಗಿಸಿಕೊಂಡು ಧಾರವಾಡಕ್ಕೆ ಹೋದಳು. ಹೋಗುವಾಗ ಆಶೂರಾ ಇರುವ ಪದವೊಂದನ್ನು ಅಜ್ಜಿಗೆ ಕೇಳಿಸುತ್ತೇನೆಂದು ಫೋನಿಗೆ ಹಾಕಿಸಿಕೊಂಡಳು. ಕಾಕಾ ಮನೆಗೆ ಬಂದರು, ಕತ್ತಿನಲ್ಲಿ ತೂತು, ಅದರ ಮೇಲೆ ತೆಳುಬಟ್ಟೆ. ಮಾತೆಲ್ಲ ಕೈಯಲ್ಲಿ. ಸಿಟ್ಟು ಬಂದರೆ ತಂಬಿಗೆ ಕುಕ್ಕುತ್ತಾರೆ. ಅವರಿಗೆ ಸಿಟ್ಟು ಬರುತ್ತದಲ್ಲ ಎಂದು ಸಂತೋಷಪಡುತ್ತೇವೆ.

ಮೊಹರಮ್ಮು ಬಂತು. ಹಿಮ್ಮೇಳದ ಮೊದಲನೆಯವ, ಹಾಲಿನ ಡೇರಿ ನಡೆಸುವ ನಲವತ್ತರ ಗಂಡಸು, ಮುಂದಾಳಾದ. ನೋಟುಬುಕ್ಕು ನೋಡಿ ಒಂದು ತಿಂಗಳು ಕಂಠಪಾಠ ಮಾಡಿದ್ದ. ಹಾಳೆ ಹಿಡಿದು ದೇವರ ಮುಂದೆ ಹಾಡುವಂತಿಲ್ಲ, ಎರಡೂ ಕೈ ಹೆಜ್ಜೆಗೆ ಬೇಕು. ಹತ್ತನೆಯ ದಿನ ಇಳಿಹೊತ್ತಿನಲ್ಲಿ ಹಳೇ ಬಾವಿಯ ಹತ್ತಿರ ಮೆರವಣಿಗೆ ನಿಂತಿತು. ಕಾಕಾ ಸಾಲಿನಲ್ಲಿ ಎಲ್ಲರ ಜೊತೆ ಹೆಜ್ಜೆ ಹಾಕುತ್ತಿದ್ದರು. ನಾನು ಹೆಂಗಸರ ಗುಂಪಿನಲ್ಲಿ, ನೋಟುಬುಕ್ಕು ಸೆರಗಿನ ಕೆಳಗೆ. ತೊಟ್ಟಿಲ ಪದ ಎತ್ತಿದರು. ಮೂರು ನುಡಿ ಸರಿಯಾಗಿ ಬಂದವು. ನಾಲ್ಕನೆಯದಕ್ಕೆ ಡೇರಿಯವನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಪಲ್ಲವಿ ಒಮ್ಮೆ ತಿರುಗಿತು, ಎರಡು ಸಲ ತಿರುಗಿತು. ಅವನು ಕಾಕಾನ ಕಡೆ ನೋಡಿದ. ಕಾಕಾನ ತುಟಿ ಆಡುತ್ತಿತ್ತು. ಆ ಹಲಗೆಯ ಸದ್ದಿನಲ್ಲಿ, ಆ ಧೂಳಿನಲ್ಲಿ, ಧ್ವನಿಯಿಲ್ಲದ ತುಟಿಯನ್ನು ಯಾರು ಓದಬೇಕು?

ಕಾಕಾ ಹೆಜ್ಜೆ ನಿಲ್ಲಿಸಿ ನನ್ನ ಕಡೆ ತಿರುಗಿದರು. ಅಂಗೈ ಮೇಲೆತ್ತಿದರು. ಎತ್ತು ಎಂದು.

ನಮ್ಮ ಊರಿನಲ್ಲಿ ಹೆಂಗಸರು ರಿವಾಯತ್ ಎತ್ತಿದ್ದಿಲ್ಲ. ಹಾಳೆ ತೆಗೆಯಲೂ ನೆನಪಾಗಲಿಲ್ಲ. ಕೈ ತಾನಾಗಿ ಕಿವಿಗೆ ಹೋಯಿತು.

“ತೊಟ್ಟಿಲ ಬರಿದಾತ, ಹಗ್ಗ ತೂಗತಿತ್ತ...”

ಧ್ವನಿ ನಡುಗಿತು, ಧಾಟಿ ಒಂದಿಷ್ಟು ಕೆಳಗೆ ಬಿತ್ತು. ಆದರೆ ಶಬ್ದ ನೆಟ್ಟಗಿತ್ತು. ಡೇರಿಯವ ಅದನ್ನು ಹಿಡಿದುಕೊಂಡು ಮೇಲೆ ಒಯ್ದ, ಹಿಮ್ಮೇಳ ಕೂಡಿತು, ಹಲಗೆ ಕೂಡಿತು. ಮುಜಾವರರು ನನ್ನ ಕಡೆ ನೋಡಿ ನವಿಲುಗರಿಯ ಕುಂಚವನ್ನು ಒಮ್ಮೆ ತಗ್ಗಿಸಿದರು. ಪಕ್ಕದಲ್ಲಿದ್ದ ನೆಗೆಣ್ಣಿ ನನ್ನ ಸೊಂಟ ತಿವಿದು, “ನೀ ಏನಬೇ, ಗಂಡಸರ ಮೇಳದಾಗ ಹೊಕ್ಕಿ!” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಕಾಕಾ ಆಗಲೇ ಬೆನ್ನು ತಿರುಗಿಸಿ ಹೆಜ್ಜೆಯಲ್ಲಿ ಸೇರಿಕೊಂಡಿದ್ದರು.

ಪದ ಮುಗಿಯುವುದಕ್ಕೂ ಓಣಿಯ ಆ ತುದಿಯಿಂದ ಯಾರೋ, “ನಳ ಬಂದಾವ್ರಬೇ!” ಎಂದು ಕೂಗುವುದಕ್ಕೂ ಸರಿಹೋಯಿತು. ಎಂಟು ದಿನದ ಮೇಲೆ ಬಂದ ನೀರು. “ಮರತರ ನೀ ಎತ್ತ,” ಎಂದು ನೋಟುಬುಕ್ಕನ್ನು ಡೇರಿಯವನ ಹೆಂಡತಿಯ ಕೈಗೆ ಕೊಟ್ಟು, ಕೊಡ ತಿಕ್ಕಿ ಪಾಳಿ ಹಚ್ಚಲು ಮನೆಯ ಕಡೆ ಬಿರಬಿರನೆ ನಡೆದೆ.